ಕನೆಕ್ಟಿವಿಟಿ ಬೇಕು, ಯಾರಿಗೆ? ಮಿದುಳು, ಘಾಟಿ ಮತ್ತು ಕಿಂಡಿ ಅಣೆಕಟ್ಟಿನ ಒಂದೇ ಲೆಕ್ಕ

ಮಂಗಳೂರಿನವರಿಗೆ ‘ಕನೆಕ್ಟಿವಿಟಿ’ ಎಂಬ ಪದವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅದು ಶಿರಾಡಿ ಘಾಟಿ, ಬೆಂಗಳೂರಿನ ರೈಲು, ಪಣಂಬೂರಿನ ಬಂದರು, ಬಜಪೆಯ ವಿಮಾನ. ಮಳೆಗಾಲದಲ್ಲಿ ಗುಡ್ಡ ಜರಿದು ಘಾಟಿ ಬಂದ್ ಆಯಿತೆಂದರೆ ತರಕಾರಿ ಲಾರಿಯಿಂದ ಆಂಬುಲೆನ್ಸ್‌ವರೆಗೆ ಎಲ್ಲಕ್ಕೂ ಬಿಸಿ ತಟ್ಟುತ್ತದೆ. ವ್ಯಾಪಾರಿಗಳು, ಜನಪ್ರತಿನಿಧಿಗಳು ಕರಾವಳಿಗೆ ಬೇಕೆಂದು ದಶಕಗಳಿಂದ ಕೇಳುತ್ತಿರುವುದು ಇದನ್ನೇ.

ಈಗ ಅದೇ ಪದ ಇನ್ನೆರಡು ದಿಕ್ಕಿನಿಂದ ಸುದ್ದಿಯಾಗಿ ಬರುತ್ತಿದೆ. 2025ರ ನವೆಂಬರ್ ಕೊನೆಯಲ್ಲಿ ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು ಮಿದುಳಿನ ಒಳಸಂಪರ್ಕಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅದು ವಾಟ್ಸ್‌ಆ್ಯಪ್‌ಗೆ ಇಳಿಯುವ ಹೊತ್ತಿಗೆ ‘ಹರೆಯ ಮುಗಿಯುವುದು 32ಕ್ಕೆ’ ಎಂದಾಗಿತ್ತು. ಇನ್ನೊಂದು ಕಡೆ ಕಡಬ, ಸುಳ್ಯ, ಬೆಳ್ತಂಗಡಿಯ ತೋಟಗಳಿಗೆ ಆನೆ ನುಗ್ಗಿದಾಗಲೆಲ್ಲ ವನ್ಯಜೀವಿ ತಜ್ಞರು ‘ಕಾಡಿನ ಕನೆಕ್ಟಿವಿಟಿ ಕಡಿದಿದೆ’ ಎನ್ನುತ್ತಾರೆ. ರಸ್ತೆ ಕೇಳುವವರೂ ಕನೆಕ್ಟಿವಿಟಿ ಎನ್ನುತ್ತಾರೆ, ರಸ್ತೆ ಬೇಡ ಎನ್ನುವವರೂ ಕನೆಕ್ಟಿವಿಟಿ ಎನ್ನುತ್ತಾರೆ, ಮಿದುಳಿನ ಡಾಕ್ಟರೂ ಅದನ್ನೇ ಹೇಳುತ್ತಾರೆ. ಓದುಗ ಯಾವುದನ್ನು ಹಿಡಿಯಬೇಕು?

ಪದ ಒಂದೇ ಆಗಿರುವುದು ಆಕಸ್ಮಿಕವಲ್ಲ. ಮಿದುಳನ್ನು ಅಳೆಯುವವರೂ ಕಾಡನ್ನು ಅಳೆಯುವವರೂ ಬಳಸುವ ಗಣಿತದಲ್ಲಿ ಬಹಳಷ್ಟು ಒಂದೇ: ಬಿಂದುಗಳು ಮತ್ತು ಅವನ್ನು ಜೋಡಿಸುವ ಗೆರೆಗಳು. ಆದರೆ ಆ ಗಣಿತ ‘ಸಂಪರ್ಕ ಹೆಚ್ಚಿದಷ್ಟೂ ಒಳ್ಳೆಯದು’ ಎಂದು ಎಲ್ಲೂ ಹೇಳುವುದಿಲ್ಲ. ಯಾವ ಗೆರೆ, ಎಲ್ಲಿ, ಯಾವ ಹೊತ್ತಿನಲ್ಲಿ ಎಂದು ಅದು ಕೇಳುತ್ತದೆ. ಕರಾವಳಿಯ ಯೋಜನೆಗಳ ಚರ್ಚೆಯಲ್ಲಿ ಕಾಣೆಯಾಗಿರುವುದು ಈ ಪ್ರಶ್ನೆಯೇ.

32ರ ಹರೆಯ: ಅಧ್ಯಯನ ಹೇಳಿದ್ದೇನು

ಹುಟ್ಟಿದ ಮಗುವಿನಿಂದ 90ರ ಹಿರಿಯರವರೆಗೆ ಸುಮಾರು 3,800 ಜನರ ಎಂಆರ್‌ಐ ಚಿತ್ರಗಳನ್ನು ಸಂಶೋಧಕರು ಹೋಲಿಸಿದರು. ಬಳಸಿದ್ದು ಡಿಫ್ಯೂಷನ್ ಎಂಆರ್‌ಐ. ಮಿದುಳಿನ ಒಳಗೆ ನೀರಿನ ಅಣುಗಳು ಯಾವ ದಿಕ್ಕಿಗೆ ಸರಿಯುತ್ತವೆ ಎಂದು ಅದು ನೋಡುತ್ತದೆ. ನರತಂತುವಿನ ಗುಂಟ ನೀರು ಸಲೀಸಾಗಿ ಸರಿಯುತ್ತದೆ, ಅಡ್ಡಕ್ಕೆ ಸರಿಯಲು ತಡೆ. ಹಾಗಾಗಿ ನೀರಿನ ಜಾಡು ಹಿಡಿದರೆ ತಂತುಗಳ ನಕ್ಷೆ ಸಿಗುತ್ತದೆ.

ಆ ನಕ್ಷೆಯ ವಿನ್ಯಾಸ 9, 32, 66 ಮತ್ತು 83ರ ಆಸುಪಾಸಿನಲ್ಲಿ ದಿಕ್ಕು ಬದಲಿಸುತ್ತದೆ ಎಂಬುದು ಮುಖ್ಯ ಫಲಿತಾಂಶ. ಒಂಬತ್ತರವರೆಗೆ ಬೇಡದ ಕೊಂಡಿಗಳು ಕಳಚಿ ಬೇಕಾದವು ಗಟ್ಟಿಯಾಗುತ್ತವೆ. ಒಂಬತ್ತರಿಂದ 32ರವರೆಗೆ ಮಿದುಳಿನ ಒಂದು ಮೂಲೆಯಿಂದ ಇನ್ನೊಂದಕ್ಕೆ ಸಂದೇಶ ತಲುಪುವ ದಾರಿ ಚಿಕ್ಕದಾಗುತ್ತ ಹೋಗುತ್ತದೆ. ಆಮೇಲೆ ಮೂರು ದಶಕಕ್ಕೂ ಮಿಕ್ಕಿ ಹೆಚ್ಚು ಏರಿಳಿತವಿಲ್ಲ. 66ರ ನಂತರ ದೂರದ ಕೊಂಡಿಗಳು ಸಡಿಲಗೊಂಡು ನೆರೆಹೊರೆಯ ಗುಂಪುಗಳು ತಮ್ಮಷ್ಟಕ್ಕೆ ಕೆಲಸ ಮಾಡುತ್ತವೆ. 83ರ ಬಳಿಕ ಕೆಲವೇ ಕೇಂದ್ರಗಳ ಮೇಲೆ ಹೊರೆ ಬೀಳುತ್ತದೆ.

ಇದರಲ್ಲಿ ‘30ರ ಯುವಕರು ಇನ್ನೂ ಮಕ್ಕಳು’ ಎಂಬುದು ಎಲ್ಲಿಯೂ ಇಲ್ಲ. ಸಂಶೋಧಕರೇ ಅದನ್ನು ಅಲ್ಲಗಳೆದಿದ್ದಾರೆ. ಹರೆಯದಲ್ಲಿ ಶುರುವಾದ ಒಂದು ಬಗೆಯ ಬದಲಾವಣೆ 32ರವರೆಗೂ ಅದೇ ದಿಕ್ಕಿನಲ್ಲಿ ಸಾಗುತ್ತದೆ ಎನ್ನುವುದಷ್ಟೇ ಅದರ ಅರ್ಥ. ಅಲ್ಲದೆ ಇದು ಒಬ್ಬರನ್ನೇ ತೊಟ್ಟಿಲಿನಿಂದ 90ರವರೆಗೆ ಹಿಂಬಾಲಿಸಿದ ಅಧ್ಯಯನವಲ್ಲ. ಬೇರೆ ಬೇರೆ ವಯಸ್ಸಿನ ಬೇರೆ ಬೇರೆ ಜನರ ಸರಾಸರಿ. ಅದನ್ನು ಹಿಡಿದುಕೊಂಡು ಮಗನ ಮದುವೆ ಮುಂದೂಡುವ ಅಗತ್ಯವಿಲ್ಲ.

ಫಾರ್ವರ್ಡ್‌ಗಳಲ್ಲಿ ಬಿಟ್ಟುಹೋದ ಸಂಗತಿಯೇ ನಮಗೆ ಮುಖ್ಯ. ಮಿದುಳು ಬೆಳೆಯುವುದೆಂದರೆ ಕೊಂಡಿ ಸೇರಿಸುತ್ತ ಹೋಗುವುದಲ್ಲ. ಮೊದಲ ಒಂಬತ್ತು ವರ್ಷದ ದೊಡ್ಡ ಕೆಲಸ ಕತ್ತರಿಸುವುದು.

ಕೋಶ ಇದೆ, ಕೊಂಡಿ ಇಲ್ಲ

ಮನುಷ್ಯನ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ದೇಹದ ತೂಕದಲ್ಲಿ ಮಿದುಳಿನ ಪಾಲು ಶೇ. 2ರಷ್ಟಾದರೆ, ವಿಶ್ರಾಂತಿಯಲ್ಲಿರುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಅದರ ಪಾಲು ಸುಮಾರು ಶೇ. 20. ತಂತು ಎಳೆಯಲು, ಕಾಪಾಡಲು, ಅದರಲ್ಲಿ ಸಂದೇಶ ಹರಿಸಲು ಖರ್ಚಿದೆ. ಎಲ್ಲದಕ್ಕೆ ಎಲ್ಲವನ್ನೂ ಜೋಡಿಸಿದರೆ ತಲೆಬುರುಡೆಯಲ್ಲಿ ಜಾಗವೂ ಸಾಲದು, ಊಟವೂ ಸಾಲದು. ಹಾಗಾಗಿ ಮಿದುಳು ಜಿಪುಣತನ ಮಾಡುತ್ತದೆ. ಹೆಚ್ಚಿನ ಕೊಂಡಿಗಳು ಪಕ್ಕದವರ ಜತೆಗೆ. ದೂರಕ್ಕೆ ಹೋಗುವವು ಕೆಲವು ಮಾತ್ರ. 1998ರಲ್ಲಿ ಡಂಕನ್ ವಾಟ್ಸ್ ಮತ್ತು ಸ್ಟೀವನ್ ಸ್ಟ್ರೋಗಟ್ಜ್ ಇಂಥ ಜಾಲದ ಗಣಿತವನ್ನು ಬಿಡಿಸಿಟ್ಟರು. ಊರೊಳಗಿನ ಓಣಿಗಳೇ ಹೆಚ್ಚಿರುವಲ್ಲಿ ಕೆಲವೇ ಕೆಲವು ದೂರದ ದಾರಿಗಳನ್ನು ಸೇರಿಸಿದರೂ ಇಡೀ ಜಾಲ ಹತ್ತಿರವಾಗಿಬಿಡುತ್ತದೆ. ಅವರು ತೆಗೆದುಕೊಂಡ ಉದಾಹರಣೆಗಳಲ್ಲಿ ಒಂದು, 302 ನರಕೋಶಗಳ ಒಂದು ಪುಟ್ಟ ಹುಳು.

ಇದರ ಇನ್ನೊಂದು ಮುಖವೆಂದರೆ ಆ ಕೆಲವು ದೂರದ ದಾರಿಗಳಿಗೆ ಪೆಟ್ಟು ಬಿದ್ದರೆ ನಷ್ಟ ಪೆಟ್ಟಿನ ಗಾತ್ರಕ್ಕಿಂತ ಎಷ್ಟೋ ದೊಡ್ಡದು. ನರವಿಜ್ಞಾನಿ ನಾರ್ಮನ್ ಗೆಶ್ವಿಂಡ್ 1965ರಲ್ಲಿ ಇದನ್ನು ವಿವರವಾಗಿ ತೋರಿಸಿದರು. ಮಾತನ್ನು ಅರ್ಥಮಾಡಿಕೊಳ್ಳುವ ಭಾಗ ಸರಿಯಿದೆ, ಮಾತಾಡುವ ಭಾಗವೂ ಸರಿಯಿದೆ, ನಡುವಿನ ತಂತು ಕಡಿದಿದೆ. ಆಗ ರೋಗಿಗೆ ಕೇಳಿದ್ದು ಅರ್ಥವಾಗುತ್ತದೆ, ಸರಾಗವಾಗಿ ಮಾತೂ ಬರುತ್ತದೆ, ಆದರೆ ಕೇಳಿದ್ದನ್ನು ಹಾಗೆಯೇ ಮರುನುಡಿಯಲು ಆಗುವುದಿಲ್ಲ. ಅಲ್‌ಝೈಮರ್ಸ್ ಕಾಯಿಲೆಯಲ್ಲೂ ನೆನಪಿನ ಕೇಂದ್ರಕ್ಕೆ ಬರುವ, ಅಲ್ಲಿಂದ ಹೋಗುವ ದಾರಿಗಳು ಮೊದಮೊದಲು ಹಾಳಾಗುವವುಗಳಲ್ಲಿ ಸೇರಿವೆ. ಕೇಂದ್ರ ಇದ್ದೂ ಒಂಟಿಯಾಗುತ್ತದೆ.

ಅಂದರೆ ಬಿಡಿಭಾಗಗಳ ಲೆಕ್ಕ ಹಾಕಿ ‘ಎಲ್ಲವೂ ಇದೆ’ ಎಂದರೆ ಸಾಲದು. ಈ ಒಂದು ಮಾತನ್ನು ಇಟ್ಟುಕೊಂಡು ಘಾಟಿಯ ಕಡೆ ನೋಡೋಣ.

ಉದ್ದಕ್ಕೆ ಕಾಡು, ಅಡ್ಡಕ್ಕೆ ರಸ್ತೆ

ಪಶ್ಚಿಮ ಘಟ್ಟದ ಕಾಡು ಬಡಗಿನಿಂದ ತೆಂಕಿಗೆ ಉದ್ದಕ್ಕೆ ಮಲಗಿದೆ. ಕೊಲ್ಲೂರಿನ ಮೂಕಾಂಬಿಕಾ ಅಭಯಾರಣ್ಯ, ಅದರ ಕೆಳಗೆ ಸೋಮೇಶ್ವರ, ಆಮೇಲೆ ಕುದುರೆಮುಖ, ಚಾರ್ಮಾಡಿಯ ಕಾಡು, ಬಿಸಿಲೆ, ಪುಷ್ಪಗಿರಿ. ಪ್ರಾಣಿಗಳ ಓಡಾಟವೂ ಹೆಚ್ಚಾಗಿ ಇದೇ ಸಾಲಿನಲ್ಲಿ. ಮನುಷ್ಯನಿಗೆ ಬೇಕಾದ ಸಂಪರ್ಕ ಮಾತ್ರ ಪೂರ್ವ–ಪಶ್ಚಿಮ: ಕಡಲಿಂದ ಬಯಲಿಗೆ. ಬಾಳೆಬರೆ, ಆಗುಂಬೆ, ಕುದುರೆಮುಖದ ರಸ್ತೆ, ಚಾರ್ಮಾಡಿ, ಶಿರಾಡಿ, ಬಿಸಿಲೆ, ಸಂಪಾಜೆ. ಇವೆಲ್ಲವೂ ಆ ಸಾಲನ್ನು ಅಡ್ಡಕ್ಕೆ ಕತ್ತರಿಸುತ್ತವೆ. ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಿಲ್ದಾಣದ ನಡುವಿನ 55 ಕಿ.ಮೀ. ರೈಲು ಹಳಿಯೂ ಅಷ್ಟೆ.

ಯಾರದೋ ದುರುದ್ದೇಶದಿಂದ ಆದದ್ದಲ್ಲ ಇದು, ಭೂಗೋಳವೇ ಹಾಗಿದೆ. ಒಬ್ಬರ ಸಂಪರ್ಕ ಇನ್ನೊಬ್ಬರ ಕಡಿತವಾಗುವುದು ಇಲ್ಲಿ ಅನಿವಾರ್ಯ. ಈ ಮಾತನ್ನು ಒಪ್ಪಿಕೊಳ್ಳದೆ ಶುರುವಾಗುವ ಚರ್ಚೆ ಎರಡು ಕಡೆಯ ಘೋಷಣೆಯಲ್ಲೇ ಮುಗಿಯುತ್ತದೆ.

ರಸ್ತೆ ಬೇಕೆನ್ನುವವರ ವಾದವನ್ನು ಹಗುರವಾಗಿ ತಳ್ಳುವಂತಿಲ್ಲ. ಲಕ್ವ ಹೊಡೆದವರಿಗೆ ಹೆಪ್ಪುಗಟ್ಟಿದ ರಕ್ತ ಕರಗಿಸುವ ಚುಚ್ಚುಮದ್ದು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಸಿಗಬೇಕು. ಸಕಲೇಶಪುರದ ಕಡೆಯ ರೋಗಿ ಮಂಗಳೂರಿನ ಆಸ್ಪತ್ರೆಗೆ ಬರಬೇಕಾದರೆ ಘಾಟಿ ತೆರೆದಿರಬೇಕು. ಅವನ ಮಿದುಳಿನ ಕೊಂಡಿ ಉಳಿಯುವುದು ರಾಷ್ಟ್ರೀಯ ಹೆದ್ದಾರಿ 75ರ ಮೇಲೆ ನಿಂತಿದೆ.

ಸಂರಕ್ಷಣೆಯವರ ವಾದ ಹೀಗೆ: ಕಾಡಿನ ಒಟ್ಟು ವಿಸ್ತೀರ್ಣ ಹೆಚ್ಚು ಕಡಿಮೆಯಾಗದೆಯೂ ಅದು ತುಂಡಾಗಬಹುದು. ತುಂಡಾದ ಕಾಡು ದ್ವೀಪದಂತೆ ವರ್ತಿಸುತ್ತದೆ. ರಾಬರ್ಟ್ ಮೆಕಾರ್ಥರ್ ಮತ್ತು ಎಡ್ವರ್ಡ್ ವಿಲ್ಸನ್ 1967ರಲ್ಲಿ ದ್ವೀಪಗಳ ಜೀವಿಗಳ ಬಗ್ಗೆ ಮಂಡಿಸಿದ ಸಿದ್ಧಾಂತದ ಸಾರವೆಂದರೆ, ದ್ವೀಪ ಚಿಕ್ಕದಾದಷ್ಟೂ ಜೀವಿಗಳು ಬೇಗ ಅಳಿಯುತ್ತವೆ, ದೂರವಾದಷ್ಟೂ ಹೊಸಬರು ಬರುವುದು ತಡ. ಎರಡು ವರ್ಷದ ನಂತರ ರಿಚರ್ಡ್ ಲೆವಿನ್ಸ್ ಇದಕ್ಕೆ ಇನ್ನೊಂದು ಸೇರಿಸಿದರು. ಹಲವು ತುಂಡುಗಳಲ್ಲಿ ಹಂಚಿಹೋದ ಜೀವಿ ಒಂದೊಂದು ಕಡೆ ಅಳಿದರೂ ಪಕ್ಕದ ತುಂಡಿನಿಂದ ಮತ್ತೆ ಬಂದು ನೆಲೆಸಬಹುದು, ದಾರಿ ಇರುವವರೆಗೆ.

ಮೂರನೆಯವರು ತೋಟದವರು. ಅವರ ಮಾತು ಈ ಎರಡರ ಗದ್ದಲದಲ್ಲಿ ಕೇಳಿಸುವುದೇ ಇಲ್ಲ. 2023ರ ಫೆಬ್ರವರಿಯಲ್ಲಿ ಕಡಬ ತಾಲೂಕಿನ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಇಬ್ಬರು ಬಲಿಯಾದರು. ‘ಆನೆಗೆ ದಾರಿ ಬಿಡಿ’ ಎಂದು ನಗರದಲ್ಲಿ ಕುಳಿತು ಹೇಳಿದರೆ ಅದರ ಅರ್ಥ ಅವರ ಅಡಿಕೆ ತೋಟ, ಅವರ ಅಂಗಳ. ಇನ್ನು ಆನೆಯನ್ನೇ ಸಾಗಿಸುವ ದಾರಿಯೂ ಸುಲಭದ್ದಲ್ಲ. ಘಾಟಿಯ ಮೇಲಿನ ಆಲೂರು–ಸಕಲೇಶಪುರ ಕಡೆಯಿಂದ 2014ರಲ್ಲಿ ಇಪ್ಪತ್ತಕ್ಕೂ ಹೆಚ್ಚು ಆನೆಗಳನ್ನು ಹಿಡಿದು ಸಾಗಿಸಿದ್ದಾಯಿತು. ಅಲ್ಲಿ ಈಗಲೂ ಆನೆ ಇದೆ, ಸಮಸ್ಯೆಯೂ ಇದೆ. ಬಿಂದುವನ್ನು ತೆಗೆದರೂ ಗೆರೆಗಳು ಉಳಿದಿದ್ದವು, ಬೇರೆ ಆನೆಗಳಿಗೆ ದಾರಿ ಗೊತ್ತಿತ್ತು.

ನಕ್ಷೆಯಲ್ಲಿರುವ ದಾರಿ, ನಡೆಯುವ ದಾರಿ

ಮಿದುಳಿನವರೂ ಕಾಡಿನವರೂ ಸಂಪರ್ಕವನ್ನು ಎರಡು ಬಗೆಯಾಗಿ ನೋಡುತ್ತಾರೆ: ರಚನೆಯ ಸಂಪರ್ಕ ಮತ್ತು ಬಳಕೆಯ ಸಂಪರ್ಕ. ತಂತು ಇದೆಯೇ ಎಂಬುದು ಒಂದು ಪ್ರಶ್ನೆ. ಎರಡು ಭಾಗಗಳು ಜತೆಯಾಗಿ ಕೆಲಸ ಮಾಡುತ್ತಿವೆಯೇ ಎಂಬುದು ಇನ್ನೊಂದು. ಅದಕ್ಕೆ ಬೇರೆ ಬಗೆಯ ಎಂಆರ್‌ಐ ಬೇಕು.

ಕಾಡಿನಲ್ಲೂ ಹಾಗೆಯೇ. ಉಪಗ್ರಹದ ಚಿತ್ರದಲ್ಲಿ ಹಸಿರು ಹಸಿರಾಗಿ ಕಾಣುವ ಪಟ್ಟಿ ರಬ್ಬರ್ ತೋಟವೂ ಆಗಿರಬಹುದು, ಅಕೇಶಿಯಾ ನೆಡುತೋಪೂ ಆಗಿರಬಹುದು. ಆನೆ ಅದರಲ್ಲಿ ನಡೆಯುತ್ತದೆ, ಕಾಡುಪಾಪ ನಡೆಯಲಾರದು. ಸಿಂಗಳೀಕ ಮರದಿಂದ ಮರಕ್ಕೆ ಸಾಗುವ ಪ್ರಾಣಿ. ರಸ್ತೆಯ ಎರಡೂ ಬದಿಯ ಕೊಂಬೆಗಳು ತಾಗಿಕೊಂಡಿರುವವರೆಗೆ ಅದಕ್ಕೆ ರಸ್ತೆ ಇದ್ದೂ ಇಲ್ಲದಂತೆ. ಅಗಲೀಕರಣದಲ್ಲಿ ಕೊಂಬೆ ಹೋದ ದಿನ ಅದೇ ರಸ್ತೆ ಹೊಳೆಯಾಗುತ್ತದೆ. ಹೊಳೆಯಂಚಿನ ಕಪ್ಪೆಗಳಿಗಂತೂ ಬಿಸಿಲಿಗೆ ಕಾದ ಡಾಂಬರಿನ ಇಪ್ಪತ್ತು ಅಡಿಯೂ ದೇಶಾಂತರ.

ಹೀಗಾಗಿ ‘ಕಾರಿಡಾರ್ ಇದೆ’ ಎಂಬ ವಾಕ್ಯ ಯಾರಿಗೆ ಎಂದು ಹೇಳದಿದ್ದರೆ ಪೊಳ್ಳು. ಉತ್ತರ ಕಂಡುಕೊಂಡ ಉದಾಹರಣೆಗಳಿಲ್ಲದೆ ಇಲ್ಲ. ತಮಿಳುನಾಡಿನ ವಾಲ್ಪಾರೈಯಲ್ಲಿ ಸಿಂಗಳೀಕಗಳಿಗೆ ರಸ್ತೆಯ ಮೇಲೆ ಕೃತಕ ಸಂಕ ಕಟ್ಟಿದ್ದಾರೆ, ಅವು ಬಳಸುತ್ತಿವೆ. ಪೆಂಚ್ ಹುಲಿ ಕಾಡಿನ ಮೂಲಕ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ವನ್ಯಜೀವಿಗಳಿಗಾಗಿ ಒಂಬತ್ತು ಕೆಳದಾರಿಗಳನ್ನು ಕಟ್ಟಲಾಯಿತು. ಹುಲಿ ಸಹಿತ ಹಲವು ಪ್ರಾಣಿಗಳು ಅವುಗಳಲ್ಲಿ ದಾಟಿದ್ದು ಕ್ಯಾಮೆರಾದಲ್ಲಿ ದಾಖಲಾಗಿದೆ. ಆದರೆ ಅದು ನ್ಯಾಯಾಲಯದ ಜಗ್ಗಾಟ ವರ್ಷಗಟ್ಟಲೆ ನಡೆದ ಮೇಲೆ ಆದದ್ದು, ಸಮತಟ್ಟು ನೆಲದಲ್ಲಿ ಆದದ್ದು. ಕಡಿದಾದ ಘಾಟಿಯಲ್ಲಿ ಗುಡ್ಡ ಕಡಿದು ತಡೆಗೋಡೆ ಎಬ್ಬಿಸಿದ ಮೇಲೆ ಪ್ರಾಣಿ ರಸ್ತೆಗೆ ಇಳಿಯಲೂ ಆಗುವುದಿಲ್ಲ, ಇಳಿದರೆ ಹತ್ತಲೂ ಆಗುವುದಿಲ್ಲ. ಶಿರಾಡಿಗೆ ವರ್ಷಗಳಿಂದ ಕೇಳಿಬರುತ್ತಿರುವ ಸುರಂಗದ ಪ್ರಸ್ತಾಪ ಈ ದೃಷ್ಟಿಯಿಂದ ಪೂರ್ತಿ ತಳ್ಳಿಹಾಕುವಂಥದ್ದಲ್ಲ. ಸುರಂಗದ ಮೇಲಿನ ಕಾಡು ಕಾಡಾಗಿಯೇ ಉಳಿಯಬಹುದು. ಅಗೆದ ಕಲ್ಲುಮಣ್ಣು ಎಲ್ಲಿಗೆ ಹೋಗುತ್ತದೆ, ಗುಡ್ಡದೊಳಗಿನ ಒರತೆ ಏನಾಗುತ್ತದೆ ಎಂಬ ಎರಡು ಪ್ರಶ್ನೆಗೆ ಉತ್ತರ ಬರಬೇಕು.

ಕಟ್ಟದಿಂದ ಕಿಂಡಿಗೆ: ನದಿಯ ಬಾಗಿಲು

ಆನೆ ದೊಡ್ಡದು, ಸುದ್ದಿಯಾಗುತ್ತದೆ. ನದಿಯಲ್ಲಿ ನಡೆಯುವುದು ಕಣ್ಣಿಗೆ ಬೀಳುವುದಿಲ್ಲ. ಮಂಗಳೂರು, ಉಡುಪಿಯ ಮಟ್ಟಿಗೆ ಸಂಪರ್ಕದ ಪ್ರಶ್ನೆ ಹೆಚ್ಚು ತೀವ್ರವಾಗಿರುವುದು ನದಿಯಲ್ಲೇ.

ಇಲ್ಲಿಯ ನದಿಗಳು ಗಿಡ್ಡ. ನೇತ್ರಾವತಿ ನೂರು ಕಿ.ಮೀ.ಗೆ ತುಸು ಹೆಚ್ಚು. ಸ್ವರ್ಣಾ, ಸೀತಾ, ಶಾಂಭವಿ, ಫಲ್ಗುಣಿ ಇನ್ನೂ ಚಿಕ್ಕವು. ಘಟ್ಟದ ತುದಿಯ ಮಳೆನೀರಿಗೂ ಅಳಿವೆಯ ಉಪ್ಪುನೀರಿಗೂ ನಡುವಿನ ದಾರಿ ಇಷ್ಟು ಚಿಕ್ಕದಿರುವುದರಿಂದಲೇ ಎರಡರ ಜೀವಿಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಹಾವುಮೀನು ಹುಟ್ಟುವುದು ಆಳ ಸಮುದ್ರದಲ್ಲಿ. ಮರಿಗಳು ಅಳಿವೆಯಿಂದ ನದಿ ಹತ್ತಿ ಸಿಹಿನೀರಿನಲ್ಲಿ ವರ್ಷಗಟ್ಟಲೆ ಬೆಳೆದು, ಮೊಟ್ಟೆಯಿಡಲು ಮತ್ತೆ ಕಡಲಿಗೆ ಇಳಿಯುತ್ತವೆ. ಸಿಹಿನೀರಿನ ದೊಡ್ಡ ಸಿಗಡಿ ಬೆಳೆಯುವುದು ನದಿಯಲ್ಲಿ, ಅದರ ಎಳೆಮರಿ ಬದುಕಲು ಸವುಳುನೀರು ಬೇಕು. ಕಡಲ ಸಿಗಡಿ ಇದಕ್ಕೆ ತಿರುಗಾಮುರುಗಾ. ಮೊಟ್ಟೆ ಕಡಲಲ್ಲಿ, ಮರಿಗಳ ಬೆಳವಣಿಗೆ ಅಳಿವೆಯಲ್ಲಿ. ಇವಲ್ಲದೆ ಮೊದಲ ಮಳೆಗೆ ನದಿಯಿಂದ ತೋಡಿಗೆ, ತೋಡಿನಿಂದ ಗದ್ದೆಗೆ ಏರಿ ಬರುವ ಮೀನುಗಳಿವೆ. ಮಲೆನಾಡಿನಲ್ಲಿ ಅವಕ್ಕೆ ‘ಹತ್ತುಮೀನು’ ಎನ್ನುತ್ತಾರೆ. ಶಿಶಿಲದಲ್ಲಿ ದೇವರ ಮೀನೆಂದು ಅಕ್ಕಿ ಹಾಕಿ ಸಾಕುವ ಮಹಶೀರ್ ಜಾತಿಯೂ ಮಳೆಗಾಲದಲ್ಲಿ ಮೇಲ್ಮುಖವಾಗಿ ಸಾಗಿ ಮೊಟ್ಟೆಯಿಡುವಂಥದ್ದು. ದೇವಸ್ಥಾನದ ಮಡುವನ್ನು ಎಷ್ಟೇ ಭಕ್ತಿಯಿಂದ ಕಾದರೂ ಅದರ ಮೇಲಿನ, ಕೆಳಗಿನ ಹೊಳೆ ತೆರೆದಿರಬೇಕು.

ಹಿಂದೆ ಇಲ್ಲಿ ನೀರು ನಿಲ್ಲಿಸುತ್ತಿದ್ದುದು ‘ಕಟ್ಟ’. ಮಳೆ ನಿಂತ ಮೇಲೆ ಊರವರು ಸೇರಿ ಕಲ್ಲು, ಮಣ್ಣು, ಮರದಿಂದ ಹೊಳೆಗೆ ಅಡ್ಡ ಕಟ್ಟುತ್ತಿದ್ದರು. ಬೇಸಿಗೆಯಿಡೀ ಬಾವಿಗಳ ಒರತೆ ಉಳಿಯುತ್ತಿತ್ತು. ಜೂನ್‌ನ ಮೊದಲ ನೆರೆ ಕಟ್ಟವನ್ನು ಕೊಚ್ಚಿಕೊಂಡು ಹೋಗುತ್ತಿತ್ತು. ಅದು ದೌರ್ಬಲ್ಯವೆಂದು ಎಂಜಿನಿಯರಿಂಗ್ ಪುಸ್ತಕ ಹೇಳೀತು. ಮೀನಿನ ಕಡೆಯಿಂದ ನೋಡಿದರೆ ಅದೇ ಅದರ ಗುಣ. ಹತ್ತುಮೀನು ಹೊರಡುವ ಹೊತ್ತಿಗೆ ಸರಿಯಾಗಿ ಬಾಗಿಲು ತಾನಾಗಿ ತೆರೆದುಕೊಳ್ಳುತ್ತಿತ್ತು. ಯಾವ ಟೆಂಡರೂ ಬೇಕಾಗಿರಲಿಲ್ಲ.

ಕಿಂಡಿ ಅಣೆಕಟ್ಟು ಈ ಕಟ್ಟದ ಕಾಂಕ್ರೀಟ್ ರೂಪ. ಕಂಬಗಳ ನಡುವೆ ಹಲಗೆ. ಮಳೆ ಮುಗಿದ ಮೇಲೆ ಹಲಗೆ ಹಾಕುವುದು, ಮತ್ತೆ ಮಳೆಗೆ ಮುಂಚೆ ತೆಗೆಯುವುದು. ಯೋಚನೆ ಒಳ್ಳೆಯದೇ. ಪಶ್ಚಿಮ ವಾಹಿನಿ ಯೋಜನೆಯಡಿ ಕರಾವಳಿಯುದ್ದಕ್ಕೂ ಇವು ಏಳುತ್ತಿರುವುದಕ್ಕೆ ಬಲವಾದ ಕಾರಣಗಳೂ ಇವೆ. ಮಂಗಳೂರು ಕುಡಿಯುವುದು ತುಂಬೆಯಲ್ಲಿ ನಿಂತ ನೇತ್ರಾವತಿಯನ್ನು, ಉಡುಪಿ ಕುಡಿಯುವುದು ಬಜೆಯಲ್ಲಿ ನಿಂತ ಸ್ವರ್ಣೆಯನ್ನು. 2019ರ ಮೇ ತಿಂಗಳಲ್ಲಿ ನೀರಿಲ್ಲದೆ ಉಡುಪಿ ಪಟ್ಟ ಪಾಡು ಯಾರೂ ಮರೆತಿಲ್ಲ. ಅಳಿವೆಯ ಹತ್ತಿರದವರಿಗೆ ಬಾವಿ ಉಪ್ಪಾಗುವ ಚಿಂತೆ ಬೇರೆ. ಹರೇಕಳ–ಅಡ್ಯಾರ್ ನಡುವಿನ ಅಣೆಕಟ್ಟು ಉಪ್ಪುನೀರು ಮೇಲೇರದಂತೆ ತಡೆಯುತ್ತದೆ, ಅದರ ಮೇಲೆಯೇ ಸೇತುವೆಯೂ ಇದೆ. ಮೇಲೆ ಸಂಪರ್ಕ, ಕೆಳಗೆ ತಡೆ. ಈ ಲೇಖನದ ವಿಷಯಕ್ಕೆ ಇದಕ್ಕಿಂತ ಚೆನ್ನಾದ ಚಿತ್ರ ಇನ್ನೊಂದು ಸಿಗದು.

ತೊಂದರೆ ಮೂರು ಕಡೆ. ಒಂದು, ಹೊತ್ತು. ಹಲಗೆ ತೆಗೆಯುವುದು ತಡವಾದರೆ ಮೀನಿನ ಪಾಲಿಗೆ ಆ ವರ್ಷವೇ ಹೋದಂತೆ. ಹಲಗೆ ಬೇಗ ತೆಗೆದು ಮಳೆ ತಡವಾದರೆ ಊರಿಗೆ ನೀರಿಲ್ಲ. ಆದ್ದರಿಂದ ಅಧಿಕಾರಿಗಳು ತಡಮಾಡುವ ಕಡೆಗೇ ವಾಲುವುದು ಸಹಜ. ಎರಡು, ಹಲಗೆ ತೆಗೆದರೂ ಉಳಿಯುವ ಬುಡದ ಕಾಂಕ್ರೀಟ್ ಮೆಟ್ಟಿಲು ಮತ್ತು ಕಿಂಡಿಯಲ್ಲಿ ನುಗ್ಗುವ ನೀರಿನ ರಭಸ. ದೊಡ್ಡ ಮೀನು ಹಾರೀತು, ಚಿಕ್ಕದಕ್ಕೆ ಅದು ಗೋಡೆ.

ಮೂರನೆಯದು ಸಂಖ್ಯೆ. ಲೆಕ್ಕಕ್ಕಾಗಿ ಹೀಗೆ ಇಟ್ಟುಕೊಳ್ಳೋಣ: ಒಂದು ಅಣೆಕಟ್ಟನ್ನು ನೂರರಲ್ಲಿ 80 ಮೀನು ದಾಟುತ್ತವೆ. ಪರವಾಗಿಲ್ಲ ಅನ್ನಿಸುತ್ತದೆ. ಸಾಲಾಗಿ ಐದು ಇದ್ದರೆ ಮೇಲೆ ತಲುಪುವುದು ಸುಮಾರು 33. ಹತ್ತಿದ್ದರೆ 11. ಪ್ರತಿ ಅಣೆಕಟ್ಟಿನ ಕಡತದಲ್ಲೂ ‘ಪರಿಣಾಮ ಅಲ್ಪ’ ಎಂದು ಬರೆದದ್ದು ಸರಿಯಾಗಿಯೇ ಇರಬಹುದು, ಆದರೂ ಒಟ್ಟು ಸೇರಿ ನದಿ ಮುಚ್ಚಿಹೋಗುತ್ತದೆ. ಒಂದೊಂದನ್ನೇ ಬಿಡಿಯಾಗಿ ಅಳೆಯುವ ನಮ್ಮ ಪದ್ಧತಿಯ ದೊಡ್ಡ ಕುರುಡು ಇದು.

‘ನೀರು ಸುಮ್ಮನೆ ಸಮುದ್ರಕ್ಕೆ ಹೋಗಿ ವ್ಯರ್ಥವಾಗುತ್ತಿದೆ’ ಎನ್ನುವ ಮಾತಿಗೂ ಇಲ್ಲಿಯೇ ಉತ್ತರವಿದೆ. ಬೂತಾಯಿ, ಬಂಗುಡೆಗಳ ಸಮೃದ್ಧಿಗೆ ಮುಖ್ಯ ಕಾರಣ ಮಳೆಗಾಲದಲ್ಲಿ ಕಡಲ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೇಳುವುದು. ನದಿಯೊಂದರಿಂದಲೇ ಮೀನುಗಾರಿಕೆ ನಡೆಯುತ್ತದೆ ಎಂದರೆ ಉತ್ಪ್ರೇಕ್ಷೆ. ಆದರೆ ಮರುವಾಯಿ, ಏಡಿ, ಸಿಗಡಿಯ ಅಳಿವೆ ನದಿಯ ನೀರಿಲ್ಲದೆ ಅಳಿವೆಯಾಗಿ ಉಳಿಯದು. ತೀರಕ್ಕೆ ಮರಳು ಬರುವುದೂ ನದಿಯಿಂದಲೇ. ಉಳ್ಳಾಲದ ಕಡಲ್ಕೊರೆತಕ್ಕೆ ಒಂದೇ ಕಾರಣವಿಲ್ಲ, ನಿಜ. ಕಡಲಿಗೆ ಹೋಗಬೇಕಾದ ಮರಳು ನಡುದಾರಿಯಲ್ಲಿ ನಿಂತರೆ, ಇಲ್ಲವೇ ಲಾರಿ ಏರಿದರೆ, ತೀರ ಬಡವಾಗುತ್ತದೆ ಎಂಬುದಂತೂ ಸರಳ ಲೆಕ್ಕ.

ಹೆಚ್ಚಾದ ಸಂಪರ್ಕವೂ ಕಾಯಿಲೆ

ಇಷ್ಟು ಓದಿದವರಿಗೆ ‘ಎಲ್ಲವನ್ನೂ ಜೋಡಿಸಿಬಿಡೋಣ’ ಅನ್ನಿಸಿದರೆ ಮಿದುಳು ಮತ್ತೆ ಎಚ್ಚರಿಸುತ್ತದೆ. ಅಪಸ್ಮಾರದಲ್ಲಿ ಆಗುವುದು ಸಂಪರ್ಕದ ಕೊರತೆಯಲ್ಲ. ಅಪಾರ ಸಂಖ್ಯೆಯ ನರಕೋಶಗಳು ಒಂದೇ ತಾಳಕ್ಕೆ ಒಟ್ಟಿಗೆ ಸಿಡಿಯುತ್ತವೆ, ಆ ಅಲೆ ಕೊಂಡಿಗಳ ಮೂಲಕವೇ ಹಬ್ಬುತ್ತದೆ. ಔಷಧಕ್ಕೆ ಬಗ್ಗದ ಕೆಲವು ರೋಗಿಗಳಲ್ಲಿ ಮಿದುಳಿನ ಎರಡು ಅರ್ಧಗಳನ್ನು ಜೋಡಿಸುವ, ಸುಮಾರು 20 ಕೋಟಿ ತಂತುಗಳ ಸೇತುವೆಯನ್ನೇ ವೈದ್ಯರು ಕತ್ತರಿಸಿದ್ದುಂಟು. ಅಂಥ ರೋಗಿಗಳ ಮೇಲೆ ನಡೆಸಿದ ಅಧ್ಯಯನಕ್ಕಾಗಿಯೇ ರೋಜರ್ ಸ್ಪೆರಿ 1981ರಲ್ಲಿ ನೊಬೆಲ್ ಪಡೆದರು.

ಬೆಳ್ತಂಗಡಿಯವರಿಗೆ ಇದರ ಕಾಡಿನ ರೂಪ ಹೊಸದಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ 1980ರ ದಶಕದ ಆರಂಭದಲ್ಲಿ ಬೆಳ್ತಂಗಡಿ ಭಾಗದಲ್ಲಿ ಭೀಕರವಾಗಿ ಹಬ್ಬಿತು. ದಟ್ಟ ಕಾಡನ್ನು ಗೇರು ತೋಪಿಗಾಗಿ ಕಡಿದದ್ದಕ್ಕೂ ಅದಕ್ಕೂ ನಂಟಿದೆ ಎಂದು ಆಗ ತನಿಖೆ ಮಾಡಿದವರು ಗುರುತಿಸಿದರು. ಕಾಡಿನ ಒಳಗಿನ ಕೊಂಡಿ ಕಡಿದಾಗ ಈ ಕಾಯಿಲೆ ಹರಡುವ ಉಣುಗು, ಮಂಗ, ಮನುಷ್ಯನ ನಡುವೆ ಹಿಂದೆ ಇಲ್ಲದ ಕೊಂಡಿ ಏರ್ಪಟ್ಟಿತು.

ಎತ್ತಿನಹೊಳೆಯನ್ನೂ ಈ ಕನ್ನಡಿಯಲ್ಲಿ ನೋಡಬಹುದು. 24.01 ಟಿಎಂಸಿ ನೀರನ್ನು ಪಶ್ಚಿಮಕ್ಕೆ ಹರಿಯುವ ಹೊಳೆಗಳಿಂದ ಎತ್ತಿ ಪೂರ್ವದ ಕೋಲಾರ, ಚಿಕ್ಕಬಳ್ಳಾಪುರ ಮೊದಲಾದ ಜಿಲ್ಲೆಗಳಿಗೆ ಒಯ್ಯುವ ಯೋಜನೆ. ಮೊದಲ ಹಂತ 2024ರ ಸೆಪ್ಟೆಂಬರ್‌ನಲ್ಲಿ ಚಾಲನೆ ಪಡೆಯಿತು. ಒಣಗಿದ ಜಿಲ್ಲೆಗಳ ಬಾಯಾರಿಕೆ ಸುಳ್ಳಲ್ಲ. ಮಳೆಗಾಲದ ಹೆಚ್ಚುವರಿ ನೀರನ್ನಷ್ಟೇ ಎತ್ತುವುದು ಎಂಬ ಸರಕಾರದ ಸಮಜಾಯಿಷಿಯೂ ಇದೆ. ಕರಾವಳಿಯವರ ಆಕ್ಷೇಪ ಬಹುಮಟ್ಟಿಗೆ ನೀರಿನ ಪ್ರಮಾಣದ ಸುತ್ತ ಸುತ್ತುತ್ತಿದೆ. ಆದರೆ ಪ್ರಕೃತಿ ಜೋಡಿಸದ ಎರಡು ಕಣಿವೆಗಳನ್ನು ಜೋಡಿಸಿದಾಗ ನೀರಿನ ಜತೆಗೆ ಏನೆಲ್ಲ ಸಾಗುತ್ತದೆ, ಹೊಳೆಯ ತಲೆಯಲ್ಲೇ ತಡೆ ಬಿದ್ದರೆ ಗುಂಡ್ಯ, ಕುಮಾರಧಾರಾ ದಾಟಿ ಉಪ್ಪಿನಂಗಡಿಯ ಸಂಗಮದವರೆಗೆ ಹರಿವಿನ ಹೊತ್ತು ಹೇಗೆ ಬದಲಾಗುತ್ತದೆ ಎಂಬ ಚರ್ಚೆ ಬಹಳ ಕಡಿಮೆ.

ಕಾಡು ಮಿದುಳಲ್ಲ

ಹೋಲಿಕೆಯನ್ನು ಎಳೆಯುವುದಕ್ಕೂ ಮಿತಿಯಿದೆ. ‘ಮರಗಳು ಬೇರಿನ ಅಣಬೆಯ ಮೂಲಕ ಮಾತಾಡುತ್ತವೆ, ತಾಯಿಮರ ಮರಿಗಳಿಗೆ ಉಣಿಸುತ್ತದೆ’ ಎಂಬ ವಿಡಿಯೊಗಳು ಸಾಕಷ್ಟು ಓಡಾಡಿವೆ. ಇದರ ಮೂಲದಲ್ಲಿ ಕೆನಡಾದ ಸುಝಾನ್ ಸಿಮಾರ್ಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗವಿದೆ. ಎರಡು ಜಾತಿಯ ಮರಗಳ ಸಸಿಗಳ ನಡುವೆ ಇಂಗಾಲ ದಾಟಿದ್ದನ್ನು ಅವರು ತೋರಿಸಿದರು. 2023ರಲ್ಲಿ ಇದೇ ಕ್ಷೇತ್ರದ ಮೂವರು ವಿಜ್ಞಾನಿಗಳು ಲಭ್ಯ ಸಾಕ್ಷ್ಯಗಳನ್ನೆಲ್ಲ ಜಾಲಾಡಿ, ಸಹಜ ಕಾಡಿನಲ್ಲಿ ಇದು ಎಷ್ಟು ನಡೆಯುತ್ತದೆ, ಅದರಿಂದ ಸಸಿಗೆ ಲಾಭವೆಷ್ಟು ಎಂಬುದಕ್ಕೆ ಜನಪ್ರಿಯ ಕಥೆಗಳು ಹೇಳುವಷ್ಟು ಆಧಾರವಿಲ್ಲ ಎಂದರು. ಬೇರು–ಅಣಬೆಯ ನಂಟು ಸುಳ್ಳಲ್ಲ, ನಮ್ಮ ಧೂಪದ ಮರಗಳಿಗೂ ಅದು ಇದೆ. ‘ಮಾತು’, ‘ತಾಯಿ’ ಎಂಬುವು ನಾವು ಸೇರಿಸಿದ ಪದಗಳು.

ಮಿದುಳಿಗೆ ಒಂದು ದೇಹವಿದೆ, ಅದನ್ನು ಬದುಕಿಸುವ ಕೆಲಸವಿದೆ. ಕಾಡಿಗೆ ಹಾಗೊಂದು ಗುರಿಯಿಲ್ಲ. ಅಲ್ಲಿಯ ಪ್ರತಿ ಜೀವಿಗೂ ಅದರದರ ಸ್ವಾರ್ಥ. ಕಾಡನ್ನು ಉಳಿಸಲು ಅದಕ್ಕೆ ಬುದ್ಧಿಯಿದೆ ಎಂದು ನಂಬಿಸಬೇಕಾದ ಅಗತ್ಯವೂ ಇಲ್ಲ. ಮಂಗಟ್ಟೆ ಹಕ್ಕಿ ರಾಂಪತ್ರೆಯ ಹಣ್ಣು ನುಂಗಿ ದೂರದಲ್ಲಿ ಬೀಜ ಉಗುಳುತ್ತದೆ, ಅಷ್ಟು ಸಾಕು.

ಎಕರೆಯ ಲೆಕ್ಕ, ಕೊಂಡಿಯ ಲೆಕ್ಕ

ಪಶ್ಚಿಮ ಘಟ್ಟದ ಸಂರಕ್ಷಣೆ ಕುರಿತ ಗಾಡ್ಗೀಳ್ ವರದಿ 2011ರದ್ದು, ಕಸ್ತೂರಿರಂಗನ್ ವರದಿ 2013ರದ್ದು. 2024ರ ಜುಲೈ ಕೊನೆಯಲ್ಲಿ ಕೇಂದ್ರ ಹೊರಡಿಸಿದ ಆರನೇ ಕರಡು ಅಧಿಸೂಚನೆಯಲ್ಲಿ ಕರ್ನಾಟಕದ 20,668 ಚದರ ಕಿ.ಮೀ. ಪರಿಸರ ಸೂಕ್ಷ್ಮ ಪ್ರದೇಶವಾಗಿತ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಂಪುಟ ಕಸ್ತೂರಿರಂಗನ್ ವರದಿಯನ್ನೇ ತಿರಸ್ಕರಿಸಿತು. ಎರಡೂ ಕಡೆ ಜಗಳವಾಡುತ್ತಿರುವುದು ಚದರ ಕಿ.ಮೀ.ಗಳ ಮೇಲೆ, ಗ್ರಾಮಗಳ ಪಟ್ಟಿಯ ಮೇಲೆ. ತನ್ನ ಗ್ರಾಮ ಪಟ್ಟಿಯಲ್ಲಿದೆ ಎಂದ ಕೂಡಲೇ ಕೃಷಿಕ ಹೆದರುತ್ತಾನೆ. ಯಾಕೆ, ಯಾವ ಕೊಂಡಿಗಾಗಿ ಎಂದು ಅವನಿಗೆ ಯಾರೂ ಹೇಳಿಲ್ಲ.

ಕೊಂಡಿಯ ಲೆಕ್ಕದಲ್ಲಿ ಜಾಗದ ಗಾತ್ರಕ್ಕಿಂತ ಅದು ಎಲ್ಲಿದೆ ಎಂಬುದು ಮುಖ್ಯ. ತುಳುನಾಡಿನ ನಾಗಬನಗಳು ಇದಕ್ಕೆ ಒಳ್ಳೆಯ ಉದಾಹರಣೆ. ಕೆಲವು ಸೆಂಟ್ಸ್ ಜಾಗ, ಒಂದಷ್ಟು ಹಳೆಯ ಮರ, ಬಳ್ಳಿ. ಎಕರೆ ಲೆಕ್ಕದಲ್ಲಿ ಲೆಕ್ಕಕ್ಕೇ ಇಲ್ಲ. ಆದರೆ ಊರ ನಡುವೆ ಹಕ್ಕಿಗೆ, ಬಾವಲಿಗೆ, ಚಿಟ್ಟೆಗೆ ಅದು ಹೊಳೆ ದಾಟುವಾಗ ಕಾಲಿಡಲು ಸಿಗುವ ಕಲ್ಲಿನಂತೆ. ಮರ ಕಡಿದು, ನೆಲಕ್ಕೆ ಇಂಟರ್‌ಲಾಕ್ ಹಾಸಿ, ಕಟ್ಟೆಗೆ ಟೈಲ್ಸ್ ಹಚ್ಚಿದ ಮೇಲೆ ನಾಗನಿಗೆ ನೆಲೆಯೇನೋ ಉಳಿದೀತು, ಬನ ಉಳಿಯದು.

ತಡವಾಗಿ ಬರುವ ಬಿಲ್ಲು

ಕೊಂಡಿ ಕಡಿದ ದಿನ ಏನೂ ಆಗುವುದಿಲ್ಲ ಎಂಬುದೇ ಇಡೀ ವಿಷಯದ ತೊಡಕು. ಅಲ್‌ಝೈಮರ್ಸ್‌ನಲ್ಲಿ ಮಿದುಳಿನ ಬದಲಾವಣೆ ಶುರುವಾಗಿ ಹತ್ತು–ಇಪ್ಪತ್ತು ವರ್ಷದ ಮೇಲೆ ಮರೆವು ಮನೆಯವರ ಕಣ್ಣಿಗೆ ಬೀಳುತ್ತದೆ. ಅಲ್ಲಿಯವರೆಗೆ ಉಳಿದ ದಾರಿಗಳು ಹೊರೆ ಹೊತ್ತು ಸಂಭಾಳಿಸಿರುತ್ತವೆ. ಕಾಡಿನಲ್ಲಿ ಪರಿಸರ ವಿಜ್ಞಾನಿಗಳು ಇದನ್ನು ‘ಅಳಿವಿನ ಸಾಲ’ ಎನ್ನುತ್ತಾರೆ. ಮಂಗಟ್ಟೆ ಬಾರದ ಕಾಡಿನಲ್ಲೂ ರಾಂಪತ್ರೆಯ ಹಳೆಮರ ನೂರು ವರ್ಷ ನಿಂತಿರುತ್ತದೆ. ಕೆಳಗೆ ಸಸಿ ಇಲ್ಲ ಎಂಬುದನ್ನು ಯಾರೂ ಎಣಿಸಿರುವುದಿಲ್ಲ. ಯೋಜನೆ ಮುಗಿದ ಮೂರನೇ ವರ್ಷ ಬಂದು ನೋಡಿದ ಸಮಿತಿಗೆ ‘ತೊಂದರೆ ಕಂಡುಬಂದಿಲ್ಲ’ ಎಂದೇ ಅನ್ನಿಸುತ್ತದೆ, ಅದು ಸುಳ್ಳು ಹೇಳುತ್ತಿರುವುದೂ ಅಲ್ಲ.

ಇನ್ನೊಂದು ತೊಡಕು ಒಂದೇ ಇಕ್ಕಟ್ಟಿನಲ್ಲಿ ಎಲ್ಲವೂ ಸೇರುವುದು. 83 ದಾಟಿದ ಮಿದುಳು ಕೆಲವೇ ಕೇಂದ್ರಗಳಿಗೆ ಜೋತುಬೀಳುವಂತೆ, ಶಿರಾಡಿ ಘಾಟಿಯ ಬುಡದ ಗುಂಡ್ಯದಂಥ ಜಾಗದಲ್ಲಿ ಹೆದ್ದಾರಿ, ಸುಬ್ರಹ್ಮಣ್ಯದ ರಸ್ತೆ, ಹೊಳೆ, ಆನೆ ಓಡಾಡುವ ಕಾಡು ಎಲ್ಲವೂ ಒತ್ತಟ್ಟಿಗೆ ಬಂದಿವೆ. ಅಲ್ಲಿ ಒಂದು ಗುಡ್ಡ ಜರಿದರೆ ಮನುಷ್ಯನ ದಾರಿಯೂ ಹೋಯಿತು, ಪ್ರಾಣಿಯ ದಾರಿಯೂ ಹೋಯಿತು. ಇಂಥ ಇಕ್ಕಟ್ಟುಗಳು ಘಾಟಿಯ ಬುಡದಲ್ಲಿ ಎಷ್ಟಿವೆ ಎಂದು ಗುರುತಿಸುವುದು ಅಂಥ ಕಷ್ಟದ ಕೆಲಸವಲ್ಲ. ಗಣಿತ ಇದೆ, ಉಪಗ್ರಹದ ಚಿತ್ರ ಇದೆ, ಅರಣ್ಯ ಇಲಾಖೆಯ ಬಳಿ ಕ್ಯಾಮೆರಾ ಚಿತ್ರಗಳಿವೆ.

ಅಣೆಕಟ್ಟೋ ರಸ್ತೆಯೋ ಬರುವಾಗ ನಡೆಯುವ ಅಹವಾಲು ಸಭೆಗಳಲ್ಲಿ ಎಷ್ಟು ಮರ ಹೋಗುತ್ತದೆ, ಎಷ್ಟು ಎಕರೆ ಮುಳುಗುತ್ತದೆ, ಪರಿಹಾರ ಎಷ್ಟು ಎಂಬ ಮೂರು ಪ್ರಶ್ನೆ ತಪ್ಪುವುದಿಲ್ಲ. ನಾಲ್ಕನೆಯದನ್ನೂ ಕೇಳಬಹುದು. ಅಳಿವೆಯಿಂದ ಹೊರಟ ಹಾವುಮೀನಿನ ಮರಿ ಘಟ್ಟದ ಬುಡ ಮುಟ್ಟಬೇಕಾದರೆ ಇಂದು ಎಷ್ಟು ತಡೆ ದಾಟಬೇಕು, ಇದನ್ನೂ ಕಟ್ಟಿದ ಮೇಲೆ ಎಷ್ಟು, ಮತ್ತು ಜೂನ್ ಮೊದಲ ವಾರ ಹಲಗೆ ತೆಗೆಯುವ ಹೊಣೆ ಯಾರದ್ದು?